ಅಪ್ಪ-ಅಮ್ಮನ ಅಮೆರಿಕ ಟ್ರಿಪ್: ‘ಇಷ್ಟೇನಾ?’ ಅನ್ನಿಸುವ ಜಾಗಗಳನ್ನು ತಪ್ಪಿಸುವುದು ಹೇಗೆ?

ಏಪ್ರಿಲ್ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಿಗೆ ಊರಿಂದ ಅಪ್ಪ-ಅಮ್ಮ ಬರಲು ಶುರು. ಚಟ್ನಿಪುಡಿ, ಹಪ್ಪಳ, ಸಂಡಿಗೆ ತುಂಬಿದ ಸೂಟ್‌ಕೇಸ್ ಬಿಚ್ಚುತ್ತಿದ್ದ ಹಾಗೇ ‘ಎಲ್ಲೆಲ್ಲಿಗೆ ಕರ್ಕೊಂಡು ಹೋಗ್ತೀಯ?’ ಎಂಬ ಮಾತು ಬರುತ್ತದೆ. ಎಷ್ಟೋ ತಂದೆ-ತಾಯಂದಿರಿಗೆ ಇದು ಜೀವನದಲ್ಲಿ ಒಂದೇ ಸಲ ಆಗುವ ಪ್ರವಾಸ. ಮಂಡಿ ನೋವು, ಶುಗರ್ ಮಾತ್ರೆ ಎಲ್ಲ ಜೊತೆಗಿಟ್ಟುಕೊಂಡೇ ಅಷ್ಟು ದೂರ ಬಂದಿರುತ್ತಾರೆ. ಅವರ ಒಂದು ದಿನವೂ ಸುಮ್ನೆ ಹಾಳಾಗಬಾರದು. ಅದಕ್ಕೇ ಈ ಲೇಖನ.

ಮೊದಲ ಹೆಜ್ಜೆ: ಹೆಸರಿನ ಪಕ್ಕ ‘ಅಲ್ಲಿ ಏನು ಮಾಡ್ತೀವಿ?’ ಎಂದು ಬರೆಯಿರಿ

ಒಂದು ಹಾಳೆಯಲ್ಲಿ ನೋಡಬೇಕೆಂದಿರುವ ಜಾಗಗಳನ್ನೆಲ್ಲ ಬರೆಯಿರಿ. ಪ್ರತಿ ಹೆಸರಿನ ಪಕ್ಕ, ಅಲ್ಲಿಗೆ ಹೋದ ಮೇಲೆ ಎರಡು ಗಂಟೆ ಏನು ಮಾಡುತ್ತೀರಿ ಎಂದು ಬರೆಯಿರಿ. ‘ಫೋಟೊ ತೆಗೆಸಿಕೊಳ್ಳುವುದು’ ಬಿಟ್ಟು ಬೇರೇನೂ ಹೊಳೆಯಲಿಲ್ಲವೇ? ಆ ಜಾಗದ ಬಗ್ಗೆ ಇನ್ನೊಮ್ಮೆ ಯೋಚಿಸಿ.

ನಾನು ಈ ಕೆಲಸ ಮಾಡದೆ ಅಮ್ಮನನ್ನು ಲಾಸ್ ಏಂಜಲೀಸ್‌ನ ಹಾಲಿವುಡ್ ವಾಕ್ ಆಫ್ ಫೇಮ್‌ಗೆ ಕರೆದುಕೊಂಡು ಹೋಗಿದ್ದೆ. ಅದು ಒಂದು ಫುಟ್‌ಪಾತ್. ನೆಲದಲ್ಲಿ ಗುಲಾಬಿ ಬಣ್ಣದ ನಕ್ಷತ್ರಗಳು, ಹಿತ್ತಾಳೆ ಅಕ್ಷರದ ಹೆಸರುಗಳು. 2,700ಕ್ಕೂ ಹೆಚ್ಚು ನಕ್ಷತ್ರಗಳಿವೆ. ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು, ಬಗ್ಗಿ ಬಗ್ಗಿ ಹೆಸರು ಓದುತ್ತಾ ಹೋದರು. ಹತ್ತರಲ್ಲಿ ಒಂಬತ್ತು ಅವರಿಗೆ ಗೊತ್ತಿಲ್ಲದ ಹೆಸರು. ಅಷ್ಟರಲ್ಲಿ ಸೂಪರ್ ಹೀರೊ ವೇಷ ಹಾಕಿದ ಒಬ್ಬಾತ ಬಂದು ಅವರ ಹೆಗಲ ಮೇಲೆ ಕೈ ಹಾಕಿದ. ನಾನು ಫೋಟೊ ಕ್ಲಿಕ್ಕಿಸಿದೆ. ಮರುಕ್ಷಣ ಅವನು 20 ಡಾಲರ್ ಕೊಡಿ ಎಂದು ಅಡ್ಡ ನಿಂತ. ಅಮ್ಮ ಬ್ಯಾಗನ್ನು ಎದೆಗೆ ಅವುಚಿಕೊಂಡು ನನ್ನ ಹಿಂದೆ ಸರಿದರು. ಕಾರಿನಲ್ಲಿ ಕೂತ ಮೇಲೆ ‘ಇಷ್ಟೇನಾ ಮಗಾ?’ ಎಂದಷ್ಟೇ ಕೇಳಿದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮಾರನೇ ದಿನ ಸಂಜೆ ಗ್ರಿಫಿತ್ ಅಬ್ಸರ್ವೇಟರಿಗೆ ಹೋದೆವು. ಬೆಟ್ಟದ ಮೇಲಿರುವ ಈ ವೀಕ್ಷಣಾಲಯ 1935ರಲ್ಲಿ ಶುರುವಾಯಿತು. ಒಳಗೆ ಹೋಗಲು ದುಡ್ಡಿಲ್ಲ. ಹಾಲಿವುಡ್ ಎಂಬ ದೊಡ್ಡ ಬಿಳಿ ಅಕ್ಷರಗಳು ಅಲ್ಲಿಂದ ಚೆನ್ನಾಗಿ ಕಾಣುತ್ತವೆ. ಕತ್ತಲಾದಂತೆ ಕೆಳಗೆ ಇಡೀ ನಗರದ ದೀಪಗಳು ಹೊತ್ತಿಕೊಳ್ಳುತ್ತವೆ. ಆಕಾಶ ತಿಳಿಯಾಗಿದ್ದರೆ ದೊಡ್ಡ ದೂರದರ್ಶಕದಲ್ಲಿ ಸಾರ್ವಜನಿಕರಿಗೂ ನೋಡಲು ಬಿಡುತ್ತಾರೆ. ಸೋಮವಾರ ಮಾತ್ರ ರಜೆ. ವಾಕ್ ಆಫ್ ಫೇಮ್ ನೋಡಲೇಬೇಕು ಅಂತಿದ್ದರೆ ಬೆಳಗ್ಗೆ ಹೋಗಿ, ಇಪ್ಪತ್ತು ನಿಮಿಷದಲ್ಲಿ ಮುಗಿಸಿ. ಯಾರಾದರೂ ಕೈಗೆ ಸಿ.ಡಿ. ಇಡಲು ಬಂದರೆ ತಗೊಳ್ಳಬೇಡಿ. ತಗೊಂಡ ಮೇಲೆ ದುಡ್ಡು ಕೇಳುತ್ತಾರೆ.

ಎರಡನೇ ಹೆಜ್ಜೆ: ಒಂದೇ ಹೆಸರು, ಬೇರೆ ಜಾಗ ಅಲ್ವಾ ನೋಡಿ

ನಮ್ಮವರು ಜಾಸ್ತಿ ಎಡವುವುದು ಇಲ್ಲಿ. ಲಾಸ್ ವೇಗಸ್‌ಗೆ ಹೋದವರು ‘ಹೇಗಿದ್ದರೂ ಗ್ರ್ಯಾಂಡ್ ಕ್ಯಾನ್ಯನ್ ಪಕ್ಕದಲ್ಲೇ ಇದೆ’ ಎಂದು ಒಂದು ದಿನದ ಟೂರ್ ಬುಕ್ ಮಾಡುತ್ತಾರೆ. ಅಂಥ ಟೂರ್‌ಗಳಲ್ಲಿ ಎಷ್ಟೋ ಹೋಗುವುದು ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್‌ಗೆ. ಅದು ರಾಷ್ಟ್ರೀಯ ಉದ್ಯಾನವೇ ಅಲ್ಲ, ಹುವಾಲಪೈ ಬುಡಕಟ್ಟಿನವರ ಜಾಗ. 2007ರಲ್ಲಿ ಶುರುವಾದ ಗಾಜಿನ ಸ್ಕೈವಾಕ್ ಇರುವುದು ಅಲ್ಲೇ. ರಾಷ್ಟ್ರೀಯ ಉದ್ಯಾನಗಳ ಪಾಸ್ ಅಲ್ಲಿ ನಡೆಯುವುದಿಲ್ಲ, ಟಿಕೆಟ್ ಬೇರೆ.

ಕ್ಯಾಲೆಂಡರ್‌ಗಳಲ್ಲಿ ನೋಡುವ, ಪದರ ಪದರವಾಗಿ ಕೆಂಪಗೆ ಹರಡಿಕೊಂಡ ಆ ಕಣಿವೆ ಬೇಕೆಂದರೆ ರಾಷ್ಟ್ರೀಯ ಉದ್ಯಾನದ ದಕ್ಷಿಣ ಅಂಚು, ಅಂದರೆ ಸೌತ್ ರಿಮ್‌ಗೆ ಹೋಗಬೇಕು. ವೇಗಸ್‌ನಿಂದ ಸುಮಾರು 280 ಮೈಲಿ, ಕಾರಿನಲ್ಲಿ ನಾಲ್ಕೂವರೆ ಗಂಟೆ. ಹೋಗಿ ಬರುವುದನ್ನು ಒಂದೇ ದಿನದಲ್ಲಿ ಮುಗಿಸಿದರೆ ಒಂಬತ್ತು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ವಯಸ್ಸಾದವರಿಗೆ ಅದು ಶಿಕ್ಷೆ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಉದ್ಯಾನದೊಳಗೆ ಓಡಾಡಲು ಉಚಿತ ಬಸ್ ಇದೆ. ಅಂಚಿನುದ್ದಕ್ಕೂ ಹೋಗುವ ರಿಮ್ ಟ್ರೇಲ್‌ನ ಹೆಚ್ಚಿನ ಭಾಗ ಸಮತಟ್ಟು. ಮಂಡಿ ನೋವಿರುವವರೂ ಸ್ವಲ್ಪ ದೂರ ನಡೆದು, ಕೂತು, ಮತ್ತೆ ನಡೆಯಬಹುದು. ಎತ್ತರ ಸುಮಾರು 7,000 ಅಡಿ. ಬೇಸಿಗೆಯಲ್ಲೂ ಬೆಳಗಿನ ಜಾವ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡಿ.

ಮೂರನೇ ಹೆಜ್ಜೆ: ನಯಾಗರಕ್ಕೆ ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ನಯಾಗರ ಜಲಪಾತ ನೋಡದೆ ಊರಿಗೆ ವಾಪಸ್ ಹೋದರೆ ನೆಂಟರು ಬಿಡುತ್ತಾರಾ? ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಜಲಪಾತ ಮುಖ ಮಾಡಿರುವುದು ಕೆನಡಾ ಕಡೆಗೆ. ಪೂರ್ತಿ ನೋಟ ಸಿಗುವುದು ಆ ದಡದಿಂದ. ಅಮೆರಿಕದ ವೀಸಾ ಮೇಲೆ ಬಂದ ಭಾರತೀಯ ಅಪ್ಪ-ಅಮ್ಮ ರೇನ್‌ಬೋ ಸೇತುವೆ ದಾಟಬೇಕೆಂದರೆ ಕೆನಡಾದ ವೀಸಾ ಬೇರೆ ಬೇಕು. ಗ್ರೀನ್ ಕಾರ್ಡ್ ಇರುವ ಮಗನಿಗೆ ಆ ವೀಸಾ ಬೇಡ, ಅಪ್ಪನಿಗೆ ಬೇಕು. ಇದು ಸೇತುವೆ ಹತ್ತಿರ ಹೋದ ಮೇಲೆ ಗೊತ್ತಾದರೆ ಎಷ್ಟು ಬೇಜಾರು ಹೇಳಿ!

ವೀಸಾ ಇಲ್ಲದಿದ್ದರೂ ಬೇಸರ ಬೇಡ. ದೂರದ ನೋಟದ ಆಸೆ ಬಿಟ್ಟು ಹತ್ತಿರದ ನೋಟ ಹಿಡಿಯಿರಿ. ಅಮೆರಿಕದ ಕಡೆಯ ಸ್ಟೇಟ್ ಪಾರ್ಕ್ 1885ರದ್ದು, ಒಳಗೆ ನಡೆದು ಹೋಗಲು ಶುಲ್ಕವಿಲ್ಲ. ಗೋಟ್ ಐಲೆಂಡ್‌ನ ಟೆರಪಿನ್ ಪಾಯಿಂಟ್‌ನಲ್ಲಿ ನಿಂತರೆ ನಯಾಗರದ ದೊಡ್ಡ ಭಾಗವಾದ ಹಾರ್ಸ್‌ಶೂ ಜಲಪಾತದ ಹಸಿರು ನೀರು ಅಂಚು ದಾಟಿ ಕೆಳಗೆ ಬಾಗುವುದು ಕೆಲವೇ ಅಡಿ ದೂರದಲ್ಲಿ ಕಾಣುತ್ತದೆ. ಕಾಲಡಿಯ ನೆಲ ಗುಡುಗಿದ ಹಾಗಿರುತ್ತದೆ. ಮುಖಕ್ಕೆ ತುಂತುರು ಹೊಡೆಯುತ್ತದೆ, ಕನ್ನಡಕ ಒರೆಸಿ ಒರೆಸಿ ಸಾಕಾಗುತ್ತದೆ. ಜೋಗವನ್ನು ಮಳೆಗಾಲದಲ್ಲಿ ನೋಡಿದವರಿಗೂ ಇದು ಬೇರೆಯೇ ಅನುಭವ.

ಹಗಲಲ್ಲೇ ಹೋಗಿ. ಅಮೆರಿಕ-ಕೆನಡಾ ನಡುವಿನ 1950ರ ಒಪ್ಪಂದದ ಪ್ರಕಾರ ಪ್ರವಾಸದ ಕಾಲದಲ್ಲಿ ಹಗಲು ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರು ಧುಮುಕಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ ಅದರ ಅರ್ಧ ಇದ್ದರೆ ಸಾಕು, ಉಳಿದದ್ದು ವಿದ್ಯುತ್ತಿಗೆ. ದೋಣಿ ವಿಹಾರವೂ ಚಳಿಗಾಲದಲ್ಲಿ ಇರುವುದಿಲ್ಲ.

ನಾಲ್ಕನೇ ಹೆಜ್ಜೆ: ಕಾಲ ನೋಡಿ

ಡೆತ್ ವ್ಯಾಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಚೆಂದ. ಜುಲೈನಲ್ಲಿ ಕಾರಿಂದ ಇಳಿಯುವುದೇ ಕಷ್ಟ. 1913ರ ಜುಲೈ 10ರಂದು ಅಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಹಿರಿಯರನ್ನು ಆ ಬಿಸಿಲಿಗೆ ಒಯ್ಯಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಇದಕ್ಕೆ ಉಲ್ಟಾ. ಜುಲೈ, ಆಗಸ್ಟ್‌ನಲ್ಲಿ ಮಂಜು ಕವಿದು ಗೋಲ್ಡನ್ ಗೇಟ್ ಸೇತುವೆಯೇ ಎಷ್ಟೋ ಸಲ ಕಾಣುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಆ ಊರಿನಲ್ಲಿ ಕಾರಿನ ಸೀಟಿನ ಮೇಲೆ ಬ್ಯಾಗ್ ಬಿಟ್ಟು ಹೋಗಬೇಡಿ, ಗಾಜು ಒಡೆಯುತ್ತಾರೆ.

ಹೊಸ ವರ್ಷದ ರಾತ್ರಿ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್ ಬೇಡವೇ ಬೇಡ. ಮಧ್ಯಾಹ್ನದಿಂದಲೇ ಬೇಲಿಯೊಳಗೆ ನಿಲ್ಲಬೇಕು. ಶೌಚಾಲಯವಿಲ್ಲ. ಹೊರಗೆ ಬಂದರೆ ಜಾಗ ಹೋಯಿತು. ಬೇರೆ ದಿನ ರಾತ್ರಿ ದೀಪ ನೋಡಿ, ನಡೆದೇ ಬ್ರಯಂಟ್ ಪಾರ್ಕ್‌ಗೆ ಬಂದು ಕುರ್ಚಿ ಹಾಕಿಕೊಂಡು ಕೂರಿ.

ಐದನೇ ಹೆಜ್ಜೆ: ದಾರಿಯಲ್ಲಿದ್ದರೆ ಮಾತ್ರ ಹೋಗುವ ಜಾಗಗಳಿಗೆ ಗುರುತು ಹಾಕಿ

ಮ್ಯಾಸಚೂಸೆಟ್ಸ್‌ನ ಪ್ಲಿಮತ್ ರಾಕ್ ಅಂಥದ್ದು. 1620ರಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದ ಪಿಲ್‌ಗ್ರಿಮ್‌ಗಳು ಕಾಲಿಟ್ಟ ಕಲ್ಲು ಎನ್ನುತ್ತಾರೆ. ಕಲ್ಲಿನ ಮೇಲೆ ಆ ಇಸವಿ ಕೆತ್ತಿದೆ. ಕಂಬಗಳ ಮಂಟಪದ ಕೆಳಗೆ, ಹಳ್ಳದಲ್ಲಿ ಒಂದು ಒಡೆದು ಸೇರಿಸಿದ ಬಂಡೆ, ಅಷ್ಟೇ. ಇದೇ ಆ ಕಲ್ಲು ಎಂದು ಒಬ್ಬ ಮುದುಕ ತೋರಿಸಿದ್ದೂ 1741ರಲ್ಲಿ. ಕಲ್ಲಿಗೆಂದೇ ಬಾಸ್ಟನ್‌ನಿಂದ ಹೋಗಬೇಡಿ. ಪಕ್ಕದ ಬಂದರಿನಲ್ಲಿರುವ ಆ ವಲಸಿಗರು ಬಂದ ಮೇಫ್ಲವರ್ ಹಡಗಿನ ಪ್ರತಿರೂಪವನ್ನೂ ಸೇರಿಸಿದರೆ ಹೋದದ್ದು ಸಾರ್ಥಕ. ನಾಲ್ಕು ರಾಜ್ಯ ಸೇರುವ ಫೋರ್ ಕಾರ್ನರ್ಸ್ ಕೂಡ ಹಾಗೇ. ಮರುಭೂಮಿಯಲ್ಲಿ ನೆಲಕ್ಕೆ ಕೂಡಿಸಿದ ಒಂದು ಲೋಹದ ಬಿಲ್ಲೆ. ಮಾನ್ಯುಮೆಂಟ್ ವ್ಯಾಲಿಗೆ ಹೋಗುವ ದಾರಿಯಾದರೆ ಸರಿ.

ಕೊನೆಯ ಹೆಜ್ಜೆ: ಟಿಕೆಟ್ ಬೀದಿಯಲ್ಲಿ ಕೊಳ್ಳಬೇಡಿ

ನ್ಯೂಯಾರ್ಕ್‌ನ ಬ್ಯಾಟರಿ ಪಾರ್ಕ್ ಹತ್ತಿರ ‘ಸ್ಟ್ಯಾಚ್ಯೂ ಆಫ್ ಲಿಬರ್ಟಿ ಟಿಕೆಟ್’ ಎಂದು ಕೂಗುವವರು ಮುತ್ತಿಕೊಳ್ಳುತ್ತಾರೆ. ಅವರು ಮಾರುವ ಎಷ್ಟೋ ದೋಣಿಗಳು ದ್ವೀಪದಲ್ಲಿ ಇಳಿಸುವುದಿಲ್ಲ, ದೂರದಿಂದ ಸುತ್ತಿ ಬರುತ್ತವೆ. ಇಳಿಯಬೇಕೆಂದರೆ ಅಧಿಕೃತ ದೋಣಿಯ ಟಿಕೆಟ್ ಮನೆಯಲ್ಲೇ ಕೂತು ಬುಕ್ ಮಾಡಿ.

ಇಳಿಯುವ ಹಟ ಇಲ್ಲದಿದ್ದರೆ ಸ್ಟೇಟನ್ ಐಲೆಂಡ್ ಫೆರಿ ಹತ್ತಿ. ಟಿಕೆಟ್ಟೇ ಇಲ್ಲ. ಸುಮಾರು 25 ನಿಮಿಷದ ಪ್ರಯಾಣ. ಹೋಗುವಾಗ ಬಲಗಡೆ ನಿಲ್ಲಿ, ಪ್ರತಿಮೆ ಆ ಕಡೆ ಬರುತ್ತದೆ. ನನ್ನ ಅಪ್ಪ ಕಂಬಿ ಹಿಡಿದು ನಿಂತವರು ಪ್ರತಿಮೆ ಚಿಕ್ಕದಾಗಿ ಮರೆಯಾಗುವವರೆಗೂ ಕದಲಲಿಲ್ಲ. ಆ ಕಡೆ ದಡದಲ್ಲಿ ಎಲ್ಲರೂ ಇಳಿಯಲೇಬೇಕು. ಅಪ್ಪ ಇಳಿದವರೇ ವಾಪಸ್ ಹೋಗುವ ಸಾಲಿನಲ್ಲಿ ಮುಂದೆ ಹೋಗಿ ನಿಂತರು, ಈ ಸಲ ಎಡಗಡೆ ಜಾಗ ಹಿಡಿಯಬೇಕು ಅಂತ.