ನಮ್ಮ ಪತ್ರಾಗಾರದಿಂದ ತೆಗೆದದ್ದು, ಉಳಿಸಿಕೊಂಡದ್ದು

ಕೋಲಾರದಲ್ಲಿ ಒಂದು ಚಿಕ್ಕ ಪತ್ರಾಗಾರ ನೋಡಿಕೊಳ್ಳುತ್ತೇನೆ. ಜನ ಪ್ರೀತಿಯಿಂದ ತಂದುಕೊಟ್ಟ ಕಾಗದ, ಕಡತ, ಫೋಟೋಗಳು ಬೀರು ತುಂಬಿ ನೆಲಕ್ಕೂ ಇಳಿದಿದ್ದವು. ನೆಲದ ಮೇಲಿಟ್ಟ ಕಟ್ಟುಗಳಿಗೆ ಗೆದ್ದಲು ಹತ್ತಲು ಎಷ್ಟು ಹೊತ್ತು ಬೇಕು? ಕೆಲವನ್ನು ತೆಗೆಯಲೇಬೇಕು ಅಂತ ಸಮಿತಿಯಲ್ಲಿ ತೀರ್ಮಾನ ಆಯಿತು.

ಮೊದಲು ಕೇಳಿಕೊಂಡದ್ದು, ಇದು ನಮ್ಮದಾ ಅಂತ. ಬಂದದ್ದನ್ನೆಲ್ಲ ನಂಬರ್ ಹಾಕಿ ಬರೆದಿಡುವ ಅಕ್ಸೆಷನ್ ರಿಜಿಸ್ಟರ್, ಕೊಟ್ಟವರ ಪತ್ರ ಎರಡನ್ನೂ ಇಟ್ಟುಕೊಂಡು ಕೂತೆ. 'ನೋಡ್ಕೊಂಡು ವಾಪಸ್ ಕೊಡಿ' ಅಂತ ಕೊಟ್ಟವೂ ಸಿಕ್ಕವು. ಆ ಮನೆಗಳಿಗೆ ಫೋನ್ ಮಾಡಿ ಮರಳಿಸಿದೆವು. ಶಾನುಭೋಗರ ಮನೆಯಿಂದ ಬಂದ ಕಂದಾಯದ ಲೆಕ್ಕಗಳೂ ಇದ್ದವು. ಮನೆಯ ಅಟ್ಟದಲ್ಲಿ ಇದ್ದ ಮಾತ್ರಕ್ಕೆ ಸರ್ಕಾರಿ ಲೆಕ್ಕ ಮನೆಯದಾಗಲ್ಲ. ಅವನ್ನು ಮುಟ್ಟದೆ, ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಗೆ ಬರೆದೆ.

ಎರಡು ಪ್ರತಿ ಇದ್ದರೆ ಒಂದು ತೆಗೆದರಾಯ್ತು ಅನ್ನಿಸುತ್ತದೆ. ಯಾವುದನ್ನು? 1905ರಲ್ಲಿ ಅಚ್ಚಾದ ಕೋಲಾರ ಜಿಲ್ಲೆಯ ಶಾಸನ ಸಂಪುಟ ನಮ್ಮಲ್ಲಿ ಎರಡಿತ್ತು. ಒಂದರ ಬೈಂಡು ಗಟ್ಟಿ, ಹಾಳೆ ಚೊಕ್ಕ. ಇನ್ನೊಂದರ ಬೆನ್ನು ಕಿತ್ತಿತ್ತು. ಆದರೆ ಅದರ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ, ಯಾವ ಶಾಸನದ ಕಲ್ಲು ಈಗ ಯಾವ ತೋಪಿನಲ್ಲಿದೆ, ಯಾವುದು ಚರಂಡಿ ಮೇಲಿನ ಚಪ್ಪಡಿಯಾಗಿದೆ ಅಂತ ಬರೆದಿಟ್ಟಿದ್ದರು. ಈ ಮಾಹಿತಿ ಬೇರೆ ಯಾವ ಪ್ರತಿಯಲ್ಲೂ ಸಿಗಲ್ಲ. ಕಿತ್ತದ್ದನ್ನೇ ಉಳಿಸಿಕೊಂಡೆ. ಚೊಕ್ಕ ಪ್ರತಿ ಒಂದು ಕಾಲೇಜಿನ ಗ್ರಂಥಾಲಯಕ್ಕೆ ಹೋಯಿತು. ಓದುವ ಹುಡುಗರಿಗೆ ಗಟ್ಟಿ ಬೈಂಡೇ ಬೇಕು, ಅಲ್ವಾ?

2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತಲ್ಲ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಕಾಗದವೆಲ್ಲ ಅಲ್ಲಿಗೇ ಕೊಟ್ಟುಬಿಡೋಣ ಅಂದರು ಸಮಿತಿಯ ಹಿರಿಯರೊಬ್ಬರು. ನಾನು ಒಪ್ಪಲಿಲ್ಲ. ಒಬ್ಬ ರೇಷ್ಮೆ ವ್ಯಾಪಾರಿಯ ಲೆಕ್ಕದ ಪುಸ್ತಕಗಳನ್ನೇ ಅವರ ಮುಂದಿಟ್ಟೆ. ಅದರಲ್ಲಿ ಶಿಡ್ಲಘಟ್ಟದ ಗೂಡಿನ ಖರೀದಿಯೂ ಇದೆ, ಕೋಲಾರದಲ್ಲಿ ಮಾಡಿದ ಸಾಲವೂ ಇದೆ. 'ಸರ್, ಇದನ್ನ ಎಲ್ಲಿ ಕತ್ತರಿಸೋಣ?' ಅಂತ ಕೇಳಿದೆ. ಒಂದು ಮನೆಯಿಂದ ಬಂದದ್ದು ಒಟ್ಟಿಗೇ ಇರಲಿ ಅಂತ ಅವರೂ ಒಪ್ಪಿದರು.

ತೆಗೆದವುಗಳ ನಮೂದನ್ನು ರಿಜಿಸ್ಟರ್‌ನಲ್ಲಿ ಅಳಿಸಲಿಲ್ಲ. ಕೆಂಪು ಶಾಯಿಯ ಒಂದು ಗೆರೆ, ಪಕ್ಕದಲ್ಲಿ ತಾರೀಖು, ಕಾರಣ, ಎಲ್ಲಿಗೆ ಹೋಯಿತು ಅನ್ನುವುದು. ಆ ನಂಬರನ್ನು ಮತ್ತೆ ಯಾವುದಕ್ಕೂ ಕೊಡಲ್ಲ. ತೆಗೆದ ಪುಸ್ತಕದಲ್ಲಿ ನಮ್ಮ ಮೊಹರಿನ ಪಕ್ಕ 'ಸಂಗ್ರಹದಿಂದ ತೆಗೆದಿದೆ' ಅಂತ ಇನ್ನೊಂದು ಮೊಹರು ಹಾಕಿದೆ. ಇಲ್ಲದಿದ್ದರೆ ಮುಂದೆ ಕಂಡವರು ಕದ್ದ ಮಾಲು ಅಂದುಕೊಳ್ಳುತ್ತಾರೆ. ತೂಕಕ್ಕೆ ಹಾಕಿದ್ದು ಜೆರಾಕ್ಸ್ ಪ್ರತಿಗಳನ್ನು ಮಾತ್ರ. ಅದರಲ್ಲೂ ಜನರ ವಿಳಾಸ, ಬ್ಯಾಂಕ್ ಖಾತೆ ನಂಬರ್ ಇದ್ದ ಹಾಳೆಗಳನ್ನು ಮೊದಲು ಚೂರು ಚೂರು ಮಾಡಿದೆವು.