ಸತ್ತ ಇಸಿಯು, ಬದುಕಿದ್ದ ಚಿಪ್ಪು

ತಪ್ಪು ನನ್ನದೇ. ಕಳೆದ ಮಳೆಗಾಲ, ತೀರ್ಥಹಳ್ಳಿ ಹತ್ತಿರದ ಮಾವನ ಮನೆ, ರಾತ್ರಿ ಎಂಟೂವರೆ, ಕರೆಂಟಿಲ್ಲ. ಕಾರಿನ ಬ್ಯಾಟರಿ ಇಳಿದುಹೋಗಿತ್ತು. ಭಾವನ ಜೀಪಿನಿಂದ ಜಂಪರ್ ಕೇಬಲ್ ಎಳೆದೆ. ಒಂದು ಕೈಯಲ್ಲಿ ಕೊಡೆ, ಬಾಯಲ್ಲಿ ಟಾರ್ಚು. ಪ್ಲಸ್ಸಿಗೆ ಮೈನಸ್ ಕ್ಲಿಪ್ ಹಾಕಿಬಿಟ್ಟೆ. ಚಟ್ ಅಂತ ಒಂದು ಕಿಡಿ, ಆಮೇಲೆ ಏನೂ ಇಲ್ಲ. ಶಿವಮೊಗ್ಗದಲ್ಲಿ ಯುಪಿಎಸ್ ರಿಪೇರಿ ಮಾಡಿ ಬದುಕುವವನು ನಾನು. ಈ ವಿಷಯ ತುಂಬಾ ದಿನ ಯಾರಿಗೂ ಹೇಳಿರಲಿಲ್ಲ.

ಮೇನ್ ಫ್ಯೂಸ್ ಬದಲಾಯಿಸಿದ ಮೇಲೆ ದೀಪ, ಹಾರ್ನ್, ವೈಪರ್ ಎಲ್ಲಾ ಬಂತು. ಸೆಲ್ಫ್ ಕೂಡ ತಿರುಗಿತು. ಎಂಜಿನ್ ಮಾತ್ರ ಹಿಡಿಯಲಿಲ್ಲ. ಕೀ ಆನ್ ಮಾಡಿದಾಗ ಹತ್ತಬೇಕಿದ್ದ ಚೆಕ್ ಎಂಜಿನ್ ದೀಪವೇ ಹತ್ತಲಿಲ್ಲ. ಕಾರನ್ನು ಎಳೆಸಿಕೊಂಡು ಒಂದು ವರ್ಕ್‌ಶಾಪಿಗೆ ಹೋದೆ. ಸ್ಕ್ಯಾನರ್ ಹಾಕಿದರು, ‘ಇಸಿಯು ಮಾತಾಡ್ತಿಲ್ಲ, ಹೊಸದೇ ಹಾಕಬೇಕು’ ಅಂದರು. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಪ್ರೋಗ್ರಾಮಿಂಗ್ ಸೇರಿ ಐವತ್ತು ಸಾವಿರಕ್ಕೆ ಹತ್ತಿರ. ನನ್ನದು 2012ರ ಡೀಸೆಲ್ ಹ್ಯಾಚ್‌ಬ್ಯಾಕ್. ಅದರ ಈಗಿನ ಬೆಲೆ ನೆನೆದರೆ ಆ ಮೊತ್ತ ಕೇಳಿಯೇ ನಗು ಬಂತು. ಕಾರನ್ನು ಮನೆಗೆ ತಂದೆ.

ಇಸಿಯು ಸತ್ತಿದೆ ಅಂತ ಹೇಳುವುದು ಸುಲಭ. ಅದಕ್ಕೆ ಊಟ ಸಿಗುತ್ತಿದೆಯಾ ಅಂತ ಮೊದಲು ನೋಡಬೇಕು, ಅಲ್ವಾ? ನಾನು ಶುರು ಮಾಡಿದ್ದು ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಸಾಕೆಟ್ಟಿನಿಂದ. 16ನೇ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್ ಇತ್ತು. ಬ್ಯಾಟರಿ ಕಳಚಿ 6 ಮತ್ತು 14ನೇ ಪಿನ್ ನಡುವೆ ಅಳೆದರೆ 60 ಓಮ್ ಬಂತು. ಕಾರಿನೊಳಗಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ಲೈನಿನ ಎರಡು ತುದಿಯಲ್ಲೂ 120 ಓಮಿನ ರೆಸಿಸ್ಟರ್ ಇರುತ್ತದೆ, ಎರಡೂ ಸೇರಿ 60. ಅಂದರೆ ಆ ಎರಡು ತುದಿಗಳ ನಡುವೆ ವೈರು ಕಡಿದಿಲ್ಲ. ಆದರೆ ಇದನ್ನು ನೋಡಿ ಇಸಿಯು ಸರಿ ಇದೆ ಅಂದುಕೊಳ್ಳಬೇಡಿ. ಒಂದು ರೆಸಿಸ್ಟರ್ ಸಾಮಾನ್ಯವಾಗಿ ಅದರ ಹೊಟ್ಟೆಯೊಳಗೇ ಇರುತ್ತದೆ. ಇಸಿಯು ಸತ್ತರೂ ರೆಸಿಸ್ಟರ್ ಬದುಕಿರುತ್ತದೆ.

ಆಮೇಲೆ ಸಪ್ಲೈ. ಇಸಿಯುವಿಗೆ ಕರೆಂಟು ಕೊಡುವ ಮೇನ್ ರಿಲೇ ಟಕ್ ಅನ್ನುತ್ತಿರಲಿಲ್ಲ. ಆ ರಿಲೇಯನ್ನು ಎಳೆಯುವುದೂ ಇಸಿಯುವೇ. ಹಾಗಾಗಿ ರಿಲೇ ಕಿತ್ತು, ಸಾಕೆಟ್ಟಿನ 30 ಮತ್ತು 87 ನಂಬರಿನ ಪಿನ್ನುಗಳನ್ನು ಫ್ಯೂಸ್ ಇರುವ ವೈರಿನಿಂದ ಜೋಡಿಸಿದೆ. ಇಸಿಯು ಕನೆಕ್ಟರಿನಲ್ಲಿ 12.4 ವೋಲ್ಟ್ ಬಂತು. ಬರೀ ಮೀಟರ್ ನಂಬಬೇಡಿ. ತುಕ್ಕು ಹಿಡಿದ ಒಂದೇ ಎಳೆ ತಂತಿಯೂ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ. ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಅದೇ ಎರಡು ಪಿನ್ನಿಗೆ ಹಚ್ಚಿ ನೋಡಿದೆ. ಪೂರ್ತಿ ಬೆಳಕು. ಸಪ್ಲೈಯೂ ಅರ್ತೂ ಗಟ್ಟಿ.

ಕೊನೆಯದು, ಸೆನ್ಸರುಗಳಿಗೆ ಇಸಿಯು ಕೊಡಬೇಕಾದ 5 ವೋಲ್ಟ್. ಆಕ್ಸಿಲರೇಟರ್ ಪೆಡಲಿನ ಕನೆಕ್ಟರಿನಲ್ಲಿ ಸೊನ್ನೆ. ಯಾವುದಾದರೂ ಒಂದು ಸೆನ್ಸರ್ ಶಾರ್ಟ್ ಆದರೂ ಹೀಗೇ ಆಗಬಹುದು. ಒಂದೊಂದನ್ನೇ ಕಿತ್ತು ನೋಡಿದೆ. ಎಲ್ಲಾ ಕಿತ್ತ ಮೇಲೂ ಸೊನ್ನೆಯೇ. ಆಗ ಒಪ್ಪಿಕೊಂಡೆ, ಇಸಿಯು ಹೋಗಿದೆ.

ಬಿಚ್ಚಿ ಮೇಜಿನ ಮೇಲಿಟ್ಟೆ. ಮುಚ್ಚಳವನ್ನು ಸಿಲಿಕೋನ್ ಹಾಕಿ ಅಂಟಿಸಿರುತ್ತಾರೆ. ಹಾಟ್ ಏರಿನಲ್ಲಿ ಬಿಸಿ ಮಾಡಿ ನಿಧಾನಕ್ಕೆ ಎತ್ತಿದರೆ ಬರುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬೋರ್ಡ್ ಸೀಳುತ್ತದೆ. ಸಪ್ಲೈ ಬರುವ ಜಾಗದಲ್ಲಿ ರಕ್ಷಣೆಯ ಡಯೋಡ್ ಕಪ್ಪಾಗಿ ಕೂತಿತ್ತು. ಅದನ್ನು ಬದಲಾಯಿಸಿದೆ, ಉಪಯೋಗವಾಗಲಿಲ್ಲ. ಅದರ ಹಿಂದಿನ ರೆಗ್ಯುಲೇಟರ್ ಚಿಪ್ಪೂ ಹೋಗಿತ್ತು. ಅದು ಅಂಗಡಿಯಲ್ಲಿ ಬಿಡಿಯಾಗಿ ಸಿಗುವಂಥದ್ದಲ್ಲ.

ಆದರೆ ಬೋರ್ಡಿನ ಇನ್ನೊಂದು ಮೂಲೆಯಲ್ಲಿದ್ದ ಎಂಟು ಕಾಲಿನ ಸಣ್ಣ ಚಿಪ್ಪಿಗೆ ಏನೂ ಆಗಿರಲಿಲ್ಲ. 95ರಿಂದ ಶುರುವಾಗುವ ನಂಬರಿನ ಇಇಪ್ರಾಮ್, ಅಂದರೆ ಕರೆಂಟು ಹೋದರೂ ಮರೆಯದ ನೆನಪಿನ ಚಿಪ್ಪು. ನಮ್ಮ ಕಾರು ನಮ್ಮದೇ ಆಗಿರುವುದು ಇದರಿಂದ. 17 ಅಕ್ಷರದ ಚಾಸಿಸ್ ನಂಬರ್, ಕೀಲಿಯನ್ನು ಗುರುತಿಸುವ ಇಮೊಬಿಲೈಸರ್ ಕೋಡ್, ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರುಗಳ ಕೋಡ್ ಎಲ್ಲಾ ಇದರಲ್ಲಿ. ಬೇರೆ ಕಾರಿನ ಇಸಿಯು ತಂದು ಸುಮ್ನೆ ಸಿಕ್ಕಿಸಿದರೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ, ಯಾಕೆಂದರೆ ಅದಕ್ಕೆ ನಿಮ್ಮ ಕೀಲಿಯ ಪರಿಚಯವಿಲ್ಲ. ಹೊಸ ಇಸಿಯು ಆದರೂ ಹುಷಾರು. ಕೆಲವು ಕಾರುಗಳಲ್ಲಿ ಮೊದಲ ಸಲ ಕೀ ಆನ್ ಮಾಡಿದಾಗಲೇ ಅದು ಆ ಕಾರಿನ ಕೋಡ್ ಕಲಿತು ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ಬೇರೆ ಕಾರಿಗೆ ಬರುವುದಿಲ್ಲ.

ಹಾಗಾಗಿ ನನಗೆ ಬೇಕಿದ್ದದ್ದು ಈ ಚಿಪ್ಪಿನ ಮಾಹಿತಿ ತುಂಬಲು ಒಂದು ಗಟ್ಟಿ ದೇಹ ಮಾತ್ರ, ಅಂದರೆ ಕೆಲಸ ಮಾಡುವ ಒಂದು ಹಳೆಯ ಇಸಿಯು. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ, ಶಿವಾಜಿನಗರದ ಗುಜರಿ ಗಲ್ಲಿಗಳಿಗೆ. ನನ್ನ ಎಂಜಿನ್ ಫಿಯಟ್‌ನ 1248 ಸಿಸಿ ಮಲ್ಟಿಜೆಟ್. ಸ್ವಿಫ್ಟ್, ಇಂಡಿಕಾ ವಿಸ್ಟಾ, ಪುಂಟೊ ಎಲ್ಲದರ ಡೀಸೆಲ್ ಮಾದರಿಯಲ್ಲೂ ಇದ್ದದ್ದು ಇದೇ ಎಂಜಿನ್. ಅದಕ್ಕೇ ‘ಎಲ್ಲಾ ಒಂದೇ ಸಾರ್, ಹಾಕಿ ನೋಡಿ’ ಅನ್ನುವವರು ಜಾಸ್ತಿ. ಒಂದೇ ಅಲ್ಲ. ಎಂಜಿನ್ ಒಂದೇ ಆದರೂ ಒಳಗಿನ ಸಾಫ್ಟ್‌ವೇರ್ ಬೇರೆ ಬೇರೆ. ನನ್ನ ಇಸಿಯು ಮೇಲಿನ ಸ್ಟಿಕರಿನ ಫೋಟೋ ಹಿಡಿದು ಅಂಗಡಿ ಅಂಗಡಿ ಸುತ್ತಿದೆ. ನೋಡಲು ತದ್ರೂಪದ ಎರಡು ಸಿಕ್ಕವು, ಕೊನೆಯ ಎರಡು ಅಂಕಿ ಬೇರೆ. ಬಿಟ್ಟೆ. ನಾಲ್ಕನೇ ಅಂಗಡಿಯಲ್ಲಿ ಹಾರ್ಡ್‌ವೇರ್, ಸಾಫ್ಟ್‌ವೇರ್ ಎರಡೂ ನಂಬರ್ ಕೂಡಿಬಂದದ್ದು ಸಿಕ್ಕಿತು. 6,500 ರೂಪಾಯಿ, ಬಿಲ್ ಸಮೇತ. ಬಿಲ್ ಇಲ್ಲದೆ ತರಬೇಡಿ, ಕದ್ದ ಕಾರಿನ ಪೆಟ್ಟಿಗೆ ನಿಮ್ಮ ಕಾರಿನಲ್ಲಿ ಕೂರುವುದು ಬೇಡ.

ಮನೆಯಲ್ಲಿ ಇಂಥ ಚಿಪ್ಪುಗಳನ್ನು ಓದಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್ ಇತ್ತು. ಸೋವಿಯ ಸಾಧನ, ಟಿವಿ ಬೋರ್ಡುಗಳಿಗೆ ಅಂತ ತಗೊಂಡಿದ್ದು. ಅದರ ಜೊತೆ ಬರುವ ಸಾಫ್ಟ್‌ವೇರಿಗೆ 95ರ ಚಿಪ್ಪುಗಳ ಗೊಡವೆ ಬೇಡ. ಅದನ್ನು ಓದಬಲ್ಲ ಬೇರೆ ಸಾಫ್ಟ್‌ವೇರ್ ಹಾಕಿಕೊಂಡೆ. ಮೊದಲು ಚಿಪ್ಪನ್ನು ಕೀಳದೆ, ಬೋರ್ಡಿನ ಮೇಲೇ ಕ್ಲಿಪ್ ಹಾಕಿ ಮೂರು ಸಲ ಓದಿದೆ. ಮೂರು ಫೈಲೂ ಮೂರು ತರ! ಕ್ಲಿಪ್ಪಿನಿಂದ ಹೋಗುವ ಕರೆಂಟು ಇಡೀ ಬೋರ್ಡಿಗೆ ಹರಿಯುತ್ತದೆ, ಅಕ್ಕಪಕ್ಕದವು ಅರ್ಧ ಎಚ್ಚರವಾಗಿ ಬಾಯಿ ಹಾಕುತ್ತವೆ. ಆ ಫೈಲನ್ನೇ ನಂಬಿ ಬರೆದಿದ್ದರೆ ಕಥೆ ಮುಗಿಯುತ್ತಿತ್ತು. ಮೇಲಿನ ವಾರ್ನಿಶ್ ಕೆರೆದು, ಸುತ್ತ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಅಂಟಿಸಿ, 350 ಡಿಗ್ರಿ ಗಾಳಿಯಲ್ಲಿ ಚಿಪ್ಪು ಎತ್ತಿದೆ. ಈಗ ಮೂರು ಸಲವೂ ಒಂದೇ ಫೈಲ್. ಫೈಲ್ ತೆರೆದರೆ ನನ್ನ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಅಲ್ಲೇ ಕಾಣಿಸಿತು. ಗುಜರಿ ಇಸಿಯುವಿನ ಚಿಪ್ಪನ್ನೂ ಎತ್ತಿ, ಅದರ ಪ್ರತಿ ತೆಗೆದಿಟ್ಟು, ನನ್ನ ಫೈಲ್ ಬರೆದು, ವೆರಿಫೈ ಮಾಡಿ, ಚುಕ್ಕಿ ಇರುವ ಕಾಲನ್ನು ನೋಡಿಕೊಂಡು ಮತ್ತೆ ಬೆಸುಗೆ ಹಾಕಿದೆ.

ಬ್ಯಾಟರಿ ಕಳಚಿ ಇಸಿಯು ಕೂರಿಸಿದೆ. ಕನೆಕ್ಟರಿನ ಲಿವರ್ ಪೂರ್ತಿ ಕೂತು ಟಕ್ ಅನ್ನಬೇಕು. ಬ್ಯಾಟರಿ ವಾಪಸ್ ಜೋಡಿಸುವಾಗ ಟಾರ್ಚನ್ನು ಹೆಂಡತಿ ಹಿಡಿದಿದ್ದಳು, ಹಗಲಾಗಿದ್ದರೂ. ಕೀ ಆನ್. ಚೆಕ್ ಎಂಜಿನ್ ದೀಪ ಹತ್ತಿತು, ಇಮೊಬಿಲೈಸರ್ ದೀಪ ಆರಿತು. ಎರಡನೇ ಸಲಕ್ಕೆ ಎಂಜಿನ್ ಹಿಡಿಯಿತು.

ಇಲ್ಲಿಗೆ ಮುಗಿಯಬೇಕಿತ್ತು. ಗೆಳೆಯನೊಬ್ಬ ಆಟೋ ಎಲೆಕ್ಟ್ರಿಶಿಯನ್, ಅವನ ದೊಡ್ಡ ಸ್ಕ್ಯಾನರ್ ತರಿಸಿ ಇಂಜೆಕ್ಟರ್ ಕೋಡ್ ನೋಡಿದೆವು. ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ, ಅಂಕಿ ಬೆರೆತ ಒಂದು ಕೋಡ್ ಕೆತ್ತಿರುತ್ತಾರೆ. ಆ ಇಂಜೆಕ್ಟರ್ ಎಷ್ಟು ಡೀಸೆಲ್ ಹೆಚ್ಚುಕಡಿಮೆ ಬಿಡುತ್ತದೆ ಅನ್ನುವ ಲೆಕ್ಕ ಆ ಕೋಡಿನಲ್ಲಿದೆ, ಇಸಿಯು ಅದಕ್ಕೆ ತಕ್ಕಂತೆ ಸರಿದೂಗಿಸುತ್ತದೆ. ಇಸಿಯುವಿನಲ್ಲಿದ್ದ ಕೋಡುಗಳಿಗೆ ಮೂರು ಇಂಜೆಕ್ಟರಿನವು ಕೂಡಿಬಂದವು. ಮೂರನೇ ಸಿಲಿಂಡರಿನದು ಕೂಡಲಿಲ್ಲ. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಅದೊಂದನ್ನು ಬದಲಾಯಿಸಿದ್ದರು. ಹೊಸದರ ಕೋಡನ್ನು ಇಸಿಯುವಿಗೆ ಬರೆದಿರಲೇ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಸದ್ದು ಬರುತ್ತಿತ್ತು, ಡೀಸೆಲ್ ಅಂದರೆ ಹೀಗೇ ಅಂತ ಎರಡು ವರ್ಷ ಸಹಿಸಿಕೊಂಡಿದ್ದೆ.

ಬರೆಯುವ ಮೊದಲು ಬ್ಯಾಟರಿಗೆ ಚಾರ್ಜರ್ ಹಾಕಿ 13.5 ವೋಲ್ಟಿನಲ್ಲಿ ನಿಲ್ಲಿಸಿದೆವು. ಬರೆಯುವಾಗ ನಡುವೆ ವೋಲ್ಟೇಜ್ ಕುಸಿದರೆ ಇಸಿಯು ಅರ್ಧಕ್ಕೇ ನಿಲ್ಲುತ್ತದೆ. ಎಸಿ, ದೀಪ, ಸ್ಟೀರಿಯೋ ಎಲ್ಲಾ ಆಫ್. ಕೋಡ್ ಹೊಡೆದು, ಕೀ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿದೆವು. ಮರುದಿನ ಬೆಳಿಗ್ಗೆ ಆ ಕಟಕಟ ಇರಲಿಲ್ಲ.

ಎರಡನೇ ಕೀಲಿ ಇಷ್ಟು ದಿನವೂ ಮಾವನ ಮನೆಯ ಗೂಡಿನಲ್ಲೇ ಉಳಿದಿತ್ತು. ದೀಪಾವಳಿಗೆ ಹೋದಾಗ ತೆಗೆದು ಹಾಕಿ ನೋಡಿದೆ. ಈ ಪೆಟ್ಟಿಗೆ ಆ ಕೀಲಿಯನ್ನು ಒಮ್ಮೆಯೂ ನೋಡಿರಲಿಲ್ಲ. ಮೊದಲ ತಿರುವಿಗೇ ಎಂಜಿನ್ ಹಿಡಿಯಿತು.