ಚಹಾದ ಚರಟ: ಮೊದಲು ತೊಳೆಯಿರಿ, ಆಮೇಲೆ ಬಳಸಿ

ನಾಲ್ಕು ವರ್ಷದ ಹಿಂದೆ ನಮ್ಮ ತಾರಸಿಯ ಒಂದು ಗುಲಾಬಿ ಗಿಡ ಒಣಗಿದ್ದು ಚಹಾದ ಚರಟದಿಂದ. ‘ಗುಲಾಬಿಗೆ ಚರಟ ಒಳ್ಳೆಯದು’ ಎಂಬ ಮಾತನ್ನು ನಂಬಿ, ದಿನಕ್ಕೆ ಎರಡು ಸಲ ಜರಡಿಯಲ್ಲಿ ಉಳಿದದ್ದನ್ನು ಹಾಗೇ ಅದರ ಬುಡಕ್ಕೆ ಸುರಿಯುತ್ತಿದ್ದೆ. ಎರಡು ವಾರದೊಳಗೆ ಕುಂಡದ ಮೇಲೆ ಬಿಳಿ ಬೂಷ್ಟು ಬಂತು, ಇರುವೆ ಸಾಲುಗಟ್ಟಿತು, ಸಣ್ಣ ನೊಣಗಳು ಹಾರಾಡತೊಡಗಿದವು. ಏಪ್ರಿಲ್ ಬಿಸಿಲಿಗೆ ಆ ಚರಟವೆಲ್ಲ ಹಪ್ಪಳದಂತೆ ಗಟ್ಟಿಯಾಗಿ, ಮೇಲೆ ಹಾಕಿದ ನೀರು ಅಂಚಿನಿಂದ ಹರಿದುಹೋಗುತ್ತಿತ್ತು. ಬೇರಿಗೆ ಹನಿಯೂ ಇಳಿಯುತ್ತಿರಲಿಲ್ಲ.

ತಪ್ಪು ಚರಟದ್ದಲ್ಲ, ಅದರಲ್ಲಿದ್ದ ಹಾಲು, ಸಕ್ಕರೆಯದ್ದು. ಮೊಬೈಲಿನಲ್ಲಿ ಓಡಾಡುವ ಸಲಹೆಗಳಲ್ಲಿ ಹೆಚ್ಚಿನವು ಬರೀ ಬಿಸಿನೀರಿನಲ್ಲಿ ಅದ್ದಿದ ಎಲೆಗೆ ಹೇಳಿದವು. ದಾವಣಗೆರೆಯ ಮನೆಯಲ್ಲಿ ಚಹಾ ಎಂದರೆ ಹಾಲು, ಸಕ್ಕರೆ, ಶುಂಠಿ ಎಲ್ಲ ಸೇರಿ ಉಕ್ಕಿ ಬರುವವರೆಗೆ ಕುದಿಯಬೇಕು. ಆ ಚರಟಕ್ಕೆ ಬೇರೆಯದೇ ಕ್ರಮ ಬೇಕು. ಆ ಕ್ರಮ ಗೊತ್ತಾದ ಮೇಲೆ ನಮ್ಮ ಮನೆಯ ಚರಟ ಒಂದು ಚಮಚವೂ ಕಸದ ಬುಟ್ಟಿಗೆ ಹೋಗಿಲ್ಲ.

ಅದೆಷ್ಟು ಚರಟ ಎನ್ನುತ್ತೀರಾ? ಒಂದು ಕಪ್ಪಿಗೆ ಸುಮಾರು ಎರಡೂವರೆ ಗ್ರಾಂ ಪುಡಿ ಹಿಡಿಯಿರಿ. ನಾಲ್ಕು ಜನ ದಿನಕ್ಕೆರಡು ಸಲ ಕುಡಿದರೆ 20 ಗ್ರಾಂ, ತಿಂಗಳಿಗೆ 600 ಗ್ರಾಂ. ಅದರ ಒಂದಂಶ ಚಹಾಕ್ಕೆ ಇಳಿದಿರುತ್ತದೆ, ಉಳಿದದ್ದು ನೀರು ಕುಡಿದು ಉಬ್ಬಿ ಎರಡು ಕಿಲೋ ಆಸುಪಾಸಿನ ಒದ್ದೆ ಚರಟವಾಗುತ್ತದೆ. ಬಂದ ನೆಂಟರಿಗೆ ಕೊಟ್ಟ ಚಹಾ ಈ ಲೆಕ್ಕದಲ್ಲಿಲ್ಲ.

ತೊಳೆದು ಒಣಗಿಸುವುದು

ಚಹಾ ಸೋಸಿದ ಕೂಡಲೇ ಚರಟವನ್ನು ಒಂದು ಬಟ್ಟಲಿಗೆ ಹಾಕಿ. ಬೆಳಗಿನದನ್ನು ಸಂಜೆಯವರೆಗೆ ಹಾಗೇ ಬಿಟ್ಟರೆ ಹಾಲು ಹುಳಿ ಬಂದು ವಾಸನೆ ಹಿಡಿಯುತ್ತದೆ. ಮೊದಲ ಸಲ ತೊಳೆಯಲು ಒಳ್ಳೆಯ ನೀರು ಬೇಡ, ಸೊಪ್ಪು ತೊಳೆದ ನೀರೋ ಅಕ್ಕಿ ತೊಳೆದ ನೀರೋ ಸಾಕು. ಬೇಸಿಗೆಯಲ್ಲಿ ನಲ್ಲಿ ನೀರಿಗೆ ಕಾಯುವ ಊರು ನಮ್ಮದು, ಚಿತ್ರದುರ್ಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಹಾಕಿ, ಕೈಯಿಂದ ಕಲಸಿ, ಸೋಸಿ. ಎರಡನೆಯ ಸಲ ಚೊಕ್ಕ ನೀರು. ತೊಳೆದ ನೀರು ತಿಳಿಯಾಗಿ, ತೆಳು ಕಂದು ಬಣ್ಣಕ್ಕೆ ಬಂದರೆ ಹಾಲಿನಂಶ ಹೋಯಿತೆಂದು ಲೆಕ್ಕ. ಸಾಮಾನ್ಯವಾಗಿ ಮೂರು ಸಲ ಸಾಕಾಗುತ್ತದೆ.

ಈ ಕೆಲಸವನ್ನು ಸಿಂಕಿನಲ್ಲಿ ಮಾಡಬೇಡಿ. ನಾವು ತರುವ ಚಹಾಪುಡಿ ಬಹುಪಾಲು ಸಿಟಿಸಿ, ಅಂದರೆ ಯಂತ್ರದಲ್ಲಿ ಜಜ್ಜಿ ಹರಿದು ಕಾಳಿನಂತೆ ಸುರುಳಿ ಮಾಡಿದ್ದು. ಆ ಕಾಳುಗಳು ಉಬ್ಬಿ, ಪಾತ್ರೆಯ ಜಿಡ್ಡಿನ ಜೊತೆ ಸೇರಿ ಪೈಪಿನ ಬಾಗಿನಲ್ಲಿ ಕೂತರೆ ಪ್ಲಂಬರ್ ಬರಬೇಕಾಗುತ್ತದೆ. ಬಕೆಟ್ಟಿನ ಮೇಲೆ ಜರಡಿ ಹಿಡಿದು ತೊಳೆಯಿರಿ, ಬಕೆಟ್ಟಿನ ನೀರನ್ನು ತೆಂಗಿನ ಬುಡಕ್ಕೋ ಬೇಲಿಯ ಗಿಡಕ್ಕೋ ಹಾಕಿ. ಸಣ್ಣ ಕುಂಡಕ್ಕೆ ಬೇಡ, ಅದರಲ್ಲಿ ಸಕ್ಕರೆ ಇರುತ್ತದೆ.

ತೊಳೆದದ್ದನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡಿ, ಮೊರದ ಮೇಲೆ ತೆಳ್ಳಗೆ ಹರವಿ. ಮಾರ್ಚ್‌ನಿಂದ ಮೇವರೆಗೆ ನಮ್ಮ ತಾರಸಿ ಬಿಸಿಲಿಗೆ ಒಂದೇ ದಿನ ಸಾಕು. ಮಳೆಗಾಲದಲ್ಲಿ ರೊಟ್ಟಿ ಬೇಯಿಸಿ ಒಲೆ ಆರಿಸಿದ ಮೇಲೆ ಹೆಂಚಿನ ಕಾವು ಇರುತ್ತದಲ್ಲ, ಅದರ ಮೇಲೆ ಹರವಿಟ್ಟರೆ ಎರಡು ಮೂರು ದಿನದಲ್ಲಿ ಒಣಗುತ್ತದೆ. ಕೈಯಲ್ಲಿ ತಿಕ್ಕಿದರೆ ಸರಸರ ಸದ್ದಾಗಬೇಕು. ಆಗ ಡಬ್ಬಿಗೆ ತುಂಬಿಡಿ, ತಿಂಗಳಾದರೂ ಕೆಡುವುದಿಲ್ಲ.

ತೊಳೆಯುವ ಕೆಲಸ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ: ನೀರಿನಲ್ಲಿ ಪುಡಿ ಹಾಕಿ ಡಿಕಾಕ್ಷನ್ ಕುದಿಸಿ ಸೋಸಿ, ಹಾಲು ಸಕ್ಕರೆ ಆಮೇಲೆ ಸೇರಿಸುವುದು. ಆಗ ಚರಟ ಚೊಕ್ಕವಾಗಿಯೇ ಬರುತ್ತದೆ. ನಮ್ಮ ಅತ್ತೆಗೆ ಒಂದು ದಿನ ಹಾಗೆ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, ‘ಹಾಲಾಗೆ ಕುದೀದೇ ಇದ್ರೆ ಅದೆಂಥ ಚಾ ಅವ್ವಾ? ನೀ ಚರಟ ತೊಳಕೋ, ನನ್ನ ಚಾ ಮಾತ್ರ ಕೆಡಿಸ್ಬೇಡ’ ಅಂದರು. ಅವರ ಮಾತು ನ್ಯಾಯವೇ. ಅಂದಿನಿಂದ ತೊಳೆಯುತ್ತಿದ್ದೇನೆ.

ಪುಡಿ ಚೊಕ್ಕವೇ?

ಚರಟವನ್ನು ಮಣ್ಣಿಗೆ, ಪಾತ್ರೆಗೆ ಹಾಕುವ ಮೊದಲು ಇದೊಂದು ಪರೀಕ್ಷೆ ಮಾಡಿ. ಒಮ್ಮೆ ಬಳಸಿದ ಚರಟವನ್ನೇ ಒಣಗಿಸಿ, ಬಣ್ಣ ಹಾಕಿ ಹೊಸ ಪುಡಿಯೆಂದು ಮಾರುವುದು ಹಳೆಯ ಮೋಸ. ಪತ್ತೆಗೆ ಆಹಾರ ಸುರಕ್ಷತಾ ಪ್ರಾಧಿಕಾರವೇ ಸುಲಭ ವಿಧಾನ ಹೇಳಿದೆ: ಸೋಸುವ ಕಾಗದದ ಮೇಲೆ ಒಂದಿಷ್ಟು ಚಹಾಪುಡಿ ಉದುರಿಸಿ, ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ಕಾಗದವನ್ನು ನಲ್ಲಿಯ ಕೆಳಗೆ ತೊಳೆದು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಪುಡಿ ಕಲೆ ಬಿಡುವುದಿಲ್ಲ, ಬಣ್ಣ ಕಲಸಿದ್ದು ಕೂಡಲೇ ಕಲೆ ಬಿಡುತ್ತದೆ. ಕಬ್ಬಿಣದ ಪುಡಿ ಬೆರೆಸಿದ್ದಾರೋ ಎಂದು ನೋಡಲು ಮಕ್ಕಳ ಆಟದ ಅಯಸ್ಕಾಂತ ಸಾಕು. ಕಲೆ ಬಿಡುವ ಪುಡಿ ಕುಡಿಯಲಿಕ್ಕೂ ಬೇಡ, ಗಿಡಕ್ಕೂ ಬೇಡ.

ಅಡುಗೆಮನೆಯಲ್ಲಿ

ಮಿರ್ಚಿ ಕರಿದ ಬಾಣಲೆ ತಿಕ್ಕಲು ಒಣ ಚರಟಕ್ಕಿಂತ ಅಗ್ಗದ್ದು ನನಗೆ ಗೊತ್ತಿಲ್ಲ. ಎಣ್ಣೆ ಬಗ್ಗಿಸಿ ತೆಗೆದ ಮೇಲೆ ಎರಡು ಚಮಚ ಒಣ ಚರಟ ಉದುರಿಸಿ, ತೆಂಗಿನ ನಾರಿನಿಂದ ತಿಕ್ಕಿ. ಜಿಡ್ಡನ್ನು ಚರಟ ಹೀರಿಕೊಳ್ಳುತ್ತದೆ. ಅದನ್ನು ಕಾಗದಕ್ಕೆ ಬಳಿದು ತೆಗೆದು, ಆಮೇಲೆ ಸೋಪು ಹಾಕಿ ತೊಳೆದರೆ ಅರ್ಧ ಸೋಪಿನಲ್ಲೇ ಮುಗಿಯುತ್ತದೆ. ಜಿಡ್ಡು ಕುಡಿದ ಚರಟ ಗೊಬ್ಬರಕ್ಕೆ ಬೇಡ.

ಜೋಳದ ರೊಟ್ಟಿಯ ಕಬ್ಬಿಣದ ಹೆಂಚಿಗೆ ತೆಳ್ಳಗೆ ತುಕ್ಕು ಬಂದಿದ್ದರೆ ಒದ್ದೆ ಚರಟದಿಂದ ಚೆನ್ನಾಗಿ ತಿಕ್ಕಿ. ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಕೈ ಕಪ್ಪಾದರೆ ಹೆದರಬೇಡಿ, ತೊಳೆದರೆ ಹೋಗುತ್ತದೆ. ಹೆಂಚನ್ನು ತೊಳೆದು, ಒಲೆಯ ಮೇಲಿಟ್ಟು ಒಣಗಿಸಿ, ಬಿಸಿ ಇರುವಾಗಲೇ ನಾಲ್ಕು ಹನಿ ಶೇಂಗಾ ಎಣ್ಣೆ ಸವರಿ. ಪದರಪದರವಾಗಿ ಏಳುವ ದಪ್ಪ ತುಕ್ಕಿಗೆ ಇದು ಸಾಲದು.

ಕಿರಾಣಿ ಅಂಗಡಿಯಲ್ಲಿ ಊದುಬತ್ತಿಯ ಪಕ್ಕ ಇಟ್ಟ ಬಿಡಿ ಚಹಾಪುಡಿಗೆ ಊದುಬತ್ತಿಯ ವಾಸನೆ ಹತ್ತಿರುವುದನ್ನು ನೋಡಿರಬಹುದು. ವಾಸನೆ ಹೀರುವುದು ಆ ಎಲೆಯ ಗುಣ, ಕುದಿಸಿದ ಮೇಲೂ ಅದು ಪೂರ್ತಿ ಹೋಗುವುದಿಲ್ಲ. ಎರಡು ಮುಷ್ಟಿ ಒಣ ಚರಟವನ್ನು ತೆಳು ಬಟ್ಟೆಯಲ್ಲಿ ಗಂಟುಕಟ್ಟಿ ಫ್ರಿಜ್ಜಿನಲ್ಲಿಡಿ. ಅರ್ಧ ಹೆಚ್ಚಿದ ಈರುಳ್ಳಿಯ ವಾಸನೆ ಹಾಲಿಗೆ ಹತ್ತುವುದು ಕಡಿಮೆಯಾಗುತ್ತದೆ. ಮಕ್ಕಳ ಶಾಲೆ ಬೂಟಿಗೆ ಹಳೇ ಕಾಲುಚೀಲದಲ್ಲಿ ತುಂಬಿ ರಾತ್ರಿಯಿಡೀ ಇಡಬಹುದು. ಎರಡು ವಾರಕ್ಕೊಮ್ಮೆ ಬದಲಾಯಿಸಿ, ತೆಗೆದದ್ದನ್ನು ಗೊಬ್ಬರದ ಮಡಕೆಗೆ ಹಾಕಿ.

ಗುಡಿಸುವಾಗಲೂ ಉಪಯೋಗವಿದೆ. ಹಿಂಡಿದ, ತೇವ ಮಾತ್ರ ಉಳಿದ ಚರಟವನ್ನು ಹಿತ್ತಿಲಿನ ಸಿಮೆಂಟ್ ನೆಲಕ್ಕೆ ಚೆಲ್ಲಿ ಕಸಬರಿಗೆ ಆಡಿಸಿದರೆ ಧೂಳು ಏಳದೆ ಅದಕ್ಕೇ ಅಂಟಿಕೊಂಡು ಬರುತ್ತದೆ. ಬಿಳಿ ಟೈಲ್ಸ್, ಮಾರ್ಬಲ್ ಮೇಲೆ ಮಾತ್ರ ಬೇಡ, ಕಲೆ ಕೂರುತ್ತದೆ.

ಗೊಬ್ಬರದ ಮಡಕೆ

ಚರಟಕ್ಕೆ ಎಲ್ಲಕ್ಕಿಂತ ಸರಿಯಾದ ಜಾಗ ಯಾವುದೆಂದು ಕೇಳಿದರೆ ನಾನು ಗೊಬ್ಬರದ ಮಡಕೆ ಎನ್ನುತ್ತೇನೆ. ಅದರಲ್ಲಿ ಸಾರಜನಕ ಚೆನ್ನಾಗಿದೆ, ಆದರೆ ಅದು ಎಲೆಯ ಒಳಗೆ ಗಟ್ಟಿಯಾಗಿ ಕೂತಿದೆ. ಸೂಕ್ಷ್ಮಜೀವಿಗಳು ತಿಂದು ಬಿಡಿಸಿಕೊಟ್ಟ ಮೇಲೆಯೇ ಗಿಡಕ್ಕೆ ಸಿಗುವುದು. ಆ ಕೆಲಸ ಮಡಕೆಯಲ್ಲಿ ಆಗಲಿ, ಗುಲಾಬಿಯ ಬೇರಿನ ಮೇಲೆ ಬೇಡ.

ಹಳೇ ಮಣ್ಣಿನ ಮಡಕೆ ಅಥವಾ 20 ಲೀಟರಿನ ಬಣ್ಣದ ಬಕೆಟ್ ತೆಗೆದುಕೊಂಡು ತಳಕ್ಕೂ ಸುತ್ತಲೂ ಬೆರಳು ಗಾತ್ರದ ಹತ್ತು ಹನ್ನೆರಡು ತೂತು ಮಾಡಿ. ಇಟ್ಟಿಗೆಯ ಮೇಲೆ ಎತ್ತರಿಸಿ ನೆರಳಿನಲ್ಲಿಡಿ. ತಳಕ್ಕೆ ನಾಲ್ಕು ಬೆರಳು ದಪ್ಪ ತೆಂಗಿನ ನಾರು. ಅದರ ಮೇಲೆ ಒಂದು ಅಳತೆ ಹಸಿ ಕಸ, ಅಂದರೆ ಚರಟ, ತರಕಾರಿ ಸಿಪ್ಪೆ. ಅದಕ್ಕೆ ಎರಡು ಅಳತೆ ಒಣ ಕಸ. ಈ ಒಣ ಕಸಕ್ಕೆ ನಮ್ಮ ಸೀಮೆಯಲ್ಲಿ ಬರವಿಲ್ಲ. ದಾವಣಗೆರೆಯ ಸುತ್ತ ಮೆಕ್ಕೆಜೋಳದ ರವದಿ, ಅಕ್ಕಿ ಗಿರಣಿಯ ಭತ್ತದ ಹೊಟ್ಟು, ಚನ್ನಗಿರಿ ಕಡೆ ಅಡಿಕೆ ಸಿಪ್ಪೆ, ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ. ಬೀದಿಯ ಹೊಂಗೆ, ಬೇವಿನ ತರಗೆಲೆ ಎಲ್ಲರಿಗೂ ಉಂಟು. ಅಡಿಕೆ ಸಿಪ್ಪೆ ಕೊಳೆಯಲು ಬಹಳ ನಿಧಾನ, ಕತ್ತರಿಸಿ ಹಾಕಿ. ಗೊಬ್ಬರಕ್ಕೆ ಹೋಗುವ ಚರಟವನ್ನು ಒಣಗಿಸಬೇಕಾಗಿಲ್ಲ, ಒಮ್ಮೆ ತೊಳೆದರೆ ಸಾಕು.

ಒಂದು ಲೋಟ ಹುಳಿ ಮಜ್ಜಿಗೆ ಅಥವಾ ಸಗಣಿ ನೀರು ಚಿಮುಕಿಸಿದರೆ ಕೊಳೆಯುವುದು ಬೇಗ ಶುರುವಾಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ಒಂದು ಮುಷ್ಟಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು. ನೀರು ಸುರಿದರೆ ಹೊಟ್ಟು ಸೇರಿಸಿ, ಹನಿಯೇ ಬಾರದಿದ್ದರೆ ನೀರು ಚಿಮುಕಿಸಿ. ನಮ್ಮ ಬೇಸಿಗೆಯಲ್ಲಿ ಕೊಳೆತು ನಾರುವುದಕ್ಕಿಂತ ಒಣಗಿ ಕೆಲಸ ನಿಂತುಹೋಗುವುದೇ ಹೆಚ್ಚು, ಮುಚ್ಚಳದ ಕೆಳಗೆ ಒದ್ದೆ ಗೋಣಿ ತುಂಡು ಹಾಕಿಡಿ. ಮಡಕೆ ತುಂಬಿದ ಮೇಲೆ ಬೇಸಿಗೆಯಲ್ಲಿ ಎರಡು ತಿಂಗಳು, ಚಳಿಗಾಲದಲ್ಲಿ ಮೂರು. ಮೊದಲ ಮಳೆಯ ಮಣ್ಣಿನ ವಾಸನೆ ಬಂದಾಗ ಜರಡಿ ಹಿಡಿದು ಬಳಸಿ.

ನೇರವಾಗಿ ಕುಂಡಕ್ಕೇ ಹಾಕಬೇಕೆಂದರೆ ತೊಳೆದು ಒಣಗಿಸಿದ್ದನ್ನು ಒಂದಡಿ ಅಗಲದ ಕುಂಡಕ್ಕೆ ಒಂದು ಹಿಡಿಯಷ್ಟು, ತಿಂಗಳಿಗೊಮ್ಮೆ, ಮೇಲ್ಮಣ್ಣಿಗೆ ಕೆದಕಿ ಬೆರೆಸಿ. ಗುಲಾಬಿ, ಮಲ್ಲಿಗೆ, ಕರಿಬೇವಿಗೆ ಇದು ಆಗುತ್ತದೆ. ಬೀಜ ಬಿತ್ತಿದ ಪಾತಿಗೆ ಖಂಡಿತ ಬೇಡ, ಉಳಿದ ಕೆಫೀನ್ ಮೊಳಕೆಯನ್ನು ಹಿಂದೆಳೆಯುತ್ತದೆ. ಕಪ್ಪು ಮಣ್ಣಿನ ಕ್ಷಾರವನ್ನು ಚರಟ ತೆಗೆಯುತ್ತದೆ ಎಂದು ಹೇಳುವವರಿದ್ದಾರೆ. ಅದರ ಹುಳಿ ಬಹಳ ಮೆತ್ತಗಿನದು, ಅಷ್ಟು ಕೆಲಸ ಅದರಿಂದಾಗದು.

ಬಟ್ಟೆಗೆ ಬಣ್ಣ

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಹಳೇ ಬಿಳಿ ಹತ್ತಿ ಬಟ್ಟೆ ಇಲ್ಲದ ಮನೆ ಸಿಗಲಾರದು. ಮಾಸಿದ ಪಂಚೆ, ಟವೆಲ್, ದಿಂಬಿನ ಚೀಲಕ್ಕೆ ಚರಟದಿಂದ ಬಣ್ಣ ಕಟ್ಟಬಹುದು. ನನಗೆ ಇದು ಎಲ್ಲಕ್ಕಿಂತ ಇಷ್ಟದ ಕೆಲಸ.

100 ಗ್ರಾಂ ತೂಕದ ಅಪ್ಪಟ ಹತ್ತಿ ಬಟ್ಟೆ ಆರಿಸಿ. ಪಾಲಿಯೆಸ್ಟರ್ ಬೆರೆತದ್ದು ಬಣ್ಣ ಹಿಡಿಯುವುದಿಲ್ಲ. ಗಂಜಿ, ಜಿಡ್ಡು ಹೋಗುವಂತೆ ಬಿಸಿ ಸೋಪಿನ ನೀರಿನಲ್ಲಿ ಒಗೆಯಿರಿ. ಬಟ್ಟೆಯಷ್ಟೇ ತೂಕದ ಒಣ ಚರಟ ಬೇಕು, ನಾಲ್ಕು ಜನರ ಮನೆಯಲ್ಲಿ ವಾರವೊಂದರಲ್ಲಿ ಹೆಚ್ಚುಕಡಿಮೆ ಅಷ್ಟು ಕೂಡುತ್ತದೆ. ಹಾಲಿನಂಶ ಚೂರೂ ಇರಬಾರದು, ಇದ್ದರೆ ಬಟ್ಟೆ ನಾರುತ್ತದೆ. ಅಡುಗೆಗೆ ಬಳಸದ ಸ್ಟೀಲ್ ಪಾತ್ರೆಯಲ್ಲಿ ಮೂರು ಲೀಟರ್ ನೀರಿಗೆ ಚರಟ ಹಾಕಿ ಮುಕ್ಕಾಲು ಗಂಟೆ ಕುದಿಸಿ, ಬಟ್ಟೆಯಲ್ಲಿ ಸೋಸಿ. ಬಣ್ಣ ಹಾಕುವ ಬಟ್ಟೆಯನ್ನು ಬರೀ ನೀರಿನಲ್ಲಿ ನೆನೆಸಿ ಹಿಂಡಿ, ಆ ರಸಕ್ಕೆ ಮುಳುಗಿಸಿ. ಸಣ್ಣ ಉರಿಯಲ್ಲಿ ಮತ್ತೆ ಮುಕ್ಕಾಲು ಗಂಟೆ ಆಗಾಗ ಮಗುಚುತ್ತಿರಬೇಕು, ಇಲ್ಲವಾದರೆ ಮಡಿಕೆಯ ಗುರುತು ಬೀಳುತ್ತದೆ. ರಾತ್ರಿಯಿಡೀ ಅದರಲ್ಲೇ ಬಿಟ್ಟು ಬೆಳಿಗ್ಗೆ ಜಾಲಿಸಿ, ನೆರಳಿನಲ್ಲಿ ಒಣಗಿಸಿ. ಗೋಧಿಯ ಬಣ್ಣ ಬರುತ್ತದೆ.

ಬೂದು, ಕಪ್ಪು ಛಾಯೆ ಬೇಕಿದ್ದರೆ ಎರಡು ವಾರ ಮೊದಲೇ ಸಿದ್ಧತೆ ಬೇಕು. ಒಂದು ಬಾಟಲಿಯಲ್ಲಿ ಹತ್ತಿಪ್ಪತ್ತು ತುಕ್ಕು ಮೊಳೆ, ಒಂದು ತುಂಡು ಬೆಲ್ಲ, ನೀರು ಹಾಕಿ, ಮುಚ್ಚಳ ಸಡಿಲಿಟ್ಟು ಹುಳಿಯಲು ಬಿಡಿ. ನಮ್ಮ ದೇಶದ ಬಣ್ಣಗಾರರು ಕಪ್ಪು ಬಣ್ಣ ತೆಗೆಯುತ್ತಿದ್ದದ್ದು ಹೀಗೆಯೇ, ಒಗರಿಗೆ ಅವರು ಅಳಲೆಕಾಯಿ ಬಳಸುತ್ತಿದ್ದರು. ಈ ನೀರಿನ ಎರಡು ಚಮಚವನ್ನು ಅರ್ಧ ಬಕೆಟ್ ನೀರಿಗೆ ಬೆರೆಸಿ, ಚರಟದ ಬಣ್ಣ ಹಿಡಿದ ಬಟ್ಟೆಯನ್ನು ಐದು ನಿಮಿಷ ಅದ್ದಿ. ಕಣ್ಣೆದುರೇ ಬೂದಾಗುತ್ತಾ ಹೋಗುತ್ತದೆ. ಕಬ್ಬಿಣದ ನೀರು ಹೆಚ್ಚಾದರೆ ನೂಲು ಸೊರಗುತ್ತದೆ, ಆಸೆಗೆ ಬೀಳಬೇಡಿ. ಹೀಗೆ ಬಣ್ಣ ಹಾಕಿದ ಮಾವನವರ ಎರಡು ಪಂಚೆಗಳು ಈಗ ನಮ್ಮ ಮನೆಯ ಕೌದಿಯಲ್ಲಿವೆ. ಅದರ ಅಂಚಿಗೆ ಹೊಲಿಗೆ ಹಾಕಿಕೊಟ್ಟದ್ದು ನಮ್ಮ ಅತ್ತೆ.

ಮಾಡಬಾರದ್ದು

ಚರಟವನ್ನು ಮತ್ತೆ ಕುದಿಸಿ ಕುಡಿಯಬೇಡಿ, ಹಾಲು ಬೆರೆತು ಗಂಟೆಗಟ್ಟಲೆ ಹೊರಗಿದ್ದ ಪದಾರ್ಥ ಅದು. ನಾಯಿ ಮೂಸುವ ಕಡೆ ಚೆಲ್ಲಬೇಡಿ, ಕೆಫೀನ್ ಅದಕ್ಕೆ ವಿಷ. ಸೊಳ್ಳೆ ಓಡಿಸಲು ಒಣ ಚರಟ ಸುಡುವ ರೂಢಿಯಿದೆ, ಮಕ್ಕಳಿರುವ ಮನೆಯಲ್ಲಿ ಆ ಹೊಗೆ ಬೇಡವೇ ಬೇಡ. ಟೀ ಬ್ಯಾಗ್ ಬಳಸುವವರು ಚೀಲ ಕತ್ತರಿಸಿ ಎಲೆ ಮಾತ್ರ ತೆಗೆದುಕೊಳ್ಳಿ. ಅನೇಕ ಚೀಲಗಳಲ್ಲಿ ಪ್ಲಾಸ್ಟಿಕ್ ಎಳೆಯಿರುತ್ತದೆ, ಅದು ಮಣ್ಣಿನಲ್ಲಿ ಕರಗುವುದಿಲ್ಲ.

ತೋಟ ದೊಡ್ಡದಿರುವವರು ಮಂಡಕ್ಕಿ–ಮಿರ್ಚಿ ಅಂಗಡಿ, ಚಹಾದ ಅಂಗಡಿಯವರನ್ನು ಕೇಳಿ ನೋಡಿ. ಅವರಲ್ಲಿ ದಿನಕ್ಕೆ ಬಕೆಟ್ಟುಗಟ್ಟಲೆ ಚರಟ ಬೀಳುತ್ತದೆ. ಮುಚ್ಚಳವಿರುವ ನಿಮ್ಮದೇ ಬಕೆಟ್ ಕೊಟ್ಟು, ‘ಅಣ್ಣಾ, ಲೋಟ, ಕಾಗದ ಏನೂ ಇದಕ್ಕೆ ಬೀಳದಂಗೆ ನೋಡ್ಕಳ್ರಿ’ ಎಂದು ಹೇಳಿ ಬನ್ನಿ. ಅದೇ ರಾತ್ರಿ ತರಬೇಕು, ಮರುದಿನಕ್ಕೆ ಹುಳಿಯುತ್ತದೆ. ಅಷ್ಟು ಚರಟ ತೊಳೆಯುವುದು ಆಗದ ಮಾತು. ಹಾಗಾಗಿ ಕುಂಡಕ್ಕೆ ಹಾಕದೆ ಹಿತ್ತಿಲಿನ ಗುಂಡಿಗೆ ಸುರಿದು, ಮೇಲೆ ಅದರ ಎರಡರಷ್ಟು ರವದಿ ಅಥವಾ ಹೊಟ್ಟು, ಅದರ ಮೇಲೆ ಒಂದು ಪುಟ್ಟಿ ಮಣ್ಣು ಮುಚ್ಚಿ.